ಅರ್ಧ ಶೇಕಡ

ಮೂರಕ್ಕಿಂತ ಕೆಳಗಿಲ್ಲ, ಐದಕ್ಕಿಂತ ಮೇಲಿಲ್ಲ,
ನಡುವೆ ಎಲ್ಲಿ ಬೇಕೋ ಅಲ್ಲಿ ಕೂರಿ
ಎಂದಿದೆ ಸರ್ಕಾರ.
ಹಾಗಾಗಿ ಕೂತಿದ್ದಾರೆ ಹದಿನೆಂಟು ಮಂದಿ
ವಿರಾಜಪೇಟೆ ಪುರಸಭೆಯ ಮೇಲಂತಸ್ತಿನಲ್ಲಿ.
ಕಾಫಿ ಕುಯ್ಲು ಮುಗಿದು, ಗಿಡಗಳು
ಹೂಮಳೆಗೆ ಮುಖವೆತ್ತಿ ಕಾಯುವ ಫೆಬ್ರವರಿ.
ಸಭೆಗೆ ಮಾತ್ರ ಯಾವಾಗಲೂ ಚಹಾ.

ನಾನು ಬಾಗಿಲ ಬಳಿ, ಸ್ಟೂಲಿನ ಮೇಲೆ.
ಕರ ವಸೂಲಿಗಾರ.
ಕೇಳಿದರೆ ಲೆಕ್ಕ ಹೇಳಬೇಕು, ಕೇಳದಿದ್ದರೆ ಗೋಡೆ.
ಇಪ್ಪತ್ತಾರು ವರ್ಷ ಈ ಊರನ್ನು
ಚದರಡಿ ಚದರಡಿಯಾಗಿ ನಡೆದಿದ್ದೇನೆ:
ಯಾರ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ,
ಯಾರು ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸುತ್ತಾರೆ,
ನನ್ನ ಕೊಡೆ ಕಂಡೊಡನೆ ಯಾರಿಗೆ
ಹಿತ್ತಲಲ್ಲಿ ಕೆಲಸ ನೆನಪಾಗುತ್ತದೆ.

ಮುಖ್ಯಾಧಿಕಾರಿ ಕನ್ನಡಕ ಒರೆಸಿ, ಐದು ಎಂದರು.
ಕಸದ ಲಾರಿಯ ಡೀಸೆಲ್, ಬೀದಿದೀಪದ ಬಾಕಿ,
ಪೌರಕಾರ್ಮಿಕರ ಬೂಟು.
ಮೀನು ಮಾರ್ಕೆಟಿನ ಮೊಯ್ದೀನ್ ಕುಂಞಿ ಎದ್ದರು:
"ಮೂರೇ ಜಾಸ್ತಿ ಮಾರಾಯ್ರೆ.
ನಮ್ಮ ಚರಂಡಿಗೆ ಮುಚ್ಚಳ ಹೋಗಿ ಎಷ್ಟು ಮಳೆಗಾಲ ಆಯ್ತು?
ಕಂದಾಯ ಕಟ್ಟಿ, ರಸೀದಿ ಹಿಡ್ಕೊಂಡೇ
ಒಳಗೆ ಬೀಳ್ಬೇಕಾ ಜನ?"

ನಗು ಇಳಿಯುವ ಮೊದಲೇ ಫಿಲೋಮಿನಾ ಟೀಚರು
(ನಿವೃತ್ತರಾದರೂ ಧ್ವನಿಯಲ್ಲಿ ಇನ್ನೂ ಬೆತ್ತ):
"ನನ್ನ ಪಕ್ಕದ್ದು ಆರು ಕೋಣೆ. ಆರಕ್ಕೂ ನಂಬರು.
ಶನಿವಾರ ಗೇಟಿನ ಹೊರಗೂ ಕಾರು.
ನಿಮ್ಮ ಕಡತದಲ್ಲಿ ಅದು ವಾಸದ ಮನೆ.
ಯಾರ ವಾಸ?"
ಒಮ್ಮೆಗೇ ಐದಾರು ಜನಕ್ಕೆ ಚಹಾ ಆರಿಹೋದದ್ದು ಗೊತ್ತಾಯಿತು.
ಅಧ್ಯಕ್ಷೆ ದೇಚಮ್ಮ ಪೆನ್ನಿನ ತುದಿಯಲ್ಲಿ ಮೇಜು ಕುಟ್ಟಿದರು,
ಪಟ್ಟಿ ಮಾಡಿ ಎಂದರು.
ಪಟ್ಟಿ ಉಂಟು.
ನನ್ನ ಚೀಲದಲ್ಲೇ ಉಂಟು, ಮೂರು ವರ್ಷದಿಂದ.
ಕೇಳಲಿಲ್ಲ.

ಆಮೇಲೆ ಬೆಟ್ಟದ ವಾರ್ಡಿನ ಪ್ರಸೀದಾ,
ಮೊದಲ ಸಲ ಗೆದ್ದವಳು, ಮೊದಲ ಸಲ ಬಾಯಿ ತೆರೆದವಳು,
ನಾಲ್ಕಾಗಿ ಮಡಿಸಿದ ಕಾಗದ ಬಿಚ್ಚಿದಳು.
"ಜೂನಿನಲ್ಲಿ ನೀವೇ ನೋಟೀಸು ಕೊಡ್ತೀರಿ,
ಬೆಟ್ಟ ಬಿರುಕು ಬಿಟ್ಟಿದೆ, ಮನೆ ಖಾಲಿ ಮಾಡಿ ಅಂತ.
ಏಪ್ರಿಲಿನಲ್ಲೂ ನೀವೇ ಕೊಡ್ತೀರಿ,
ಮನೆ ಉಂಟಲ್ಲ, ಕರ ಕಟ್ಟಿ ಅಂತ.
ಎರಡಕ್ಕೂ ಒಂದೇ ಸೀಲು.
ನಲವತ್ತೊಂದು ಮನೆ. ಮೂರು ತಿಂಗಳು
ಶಾಲೆಯ ಬೆಂಚಿನ ಮೇಲೆ ಮಲಗೋರಿಗೆ
ಒಂಬತ್ತು ತಿಂಗಳದ್ದು ಹಾಕಿ, ಸಾಕು."

ಫ್ಯಾನು ತಿರುಗಿತು.
ನಮೂನೆಯಲ್ಲಿ ಆ ಕಾಲಂ ಇಲ್ಲ, ಎಂದರು ಮುಖ್ಯಾಧಿಕಾರಿ,
ಕೆಟ್ಟವರಲ್ಲ, ನಿಜಕ್ಕೂ ನಮೂನೆ ತಿರುವಿ ನೋಡಿದರು.
ಆಗ ನನ್ನ ಕಡೆ ತಿರುಗಿದರು ಎಲ್ಲ: ಎಷ್ಟಾಗುತ್ತದೆ?
ಎದ್ದು ನಿಂತೆ.
"ಮನೆಗೆ ಸರಾಸರಿ ಆರುನೂರ ಇಪ್ಪತ್ತು, ವರ್ಷಕ್ಕೆ.
ಕಾಲುಭಾಗ ಬಿಟ್ಟರೆ ನೂರ ಐವತ್ತೈದು.
ಒಟ್ಟು ಆರು ಸಾವಿರದ ಮುನ್ನೂರ ಐವತ್ತೈದು."
"ಅಷ್ಟೇನಾ?" ಎಂದರು ಯಾರೋ.
ಅಷ್ಟೇ ಆದ್ದರಿಂದಲೋ ಏನೋ
ವಿಷಯ ಮುಂದಿನ ಸಭೆಗೆ ಹೋಯಿತು.

ಮೂರೂವರೆ ಎಂದು ಮೊದಲು ಅಂದದ್ದು ಯಾರೆಂದು
ಯಾರಿಗೂ ನೆನಪಿಲ್ಲ.
ಅನ್ನ ಆರುತ್ತಿದ್ದ ಹೊತ್ತು, ಕೈಗಳು ಎದ್ದವು.
ಸೂಚಿಸಿದವರು, ಅನುಮೋದಿಸಿದವರು, ಸರ್ವಾನುಮತ.
ಆ ಅರ್ಧ ಶೇಕಡ, ಬೆಟ್ಟದ ಮನೆಗೆ,
ಮೂರು ರೂಪಾಯಿ ಹತ್ತು ಪೈಸೆ.
ಹತ್ತು ಪೈಸೆಯನ್ನು ಅಂಗಡಿಯವ ಎಂದೋ ಮರೆತ;
ನಮ್ಮ ಕಡತದಲ್ಲಿ ಅದು ಇನ್ನೂ
ಬರಿಗಾಲಲ್ಲಿ ಓಡಾಡುತ್ತದೆ.

ಮೆಟ್ಟಿಲಿಳಿಯುವಾಗ ಪ್ರಸೀದಾ ಕೇಳಿದಳು:
"ಈ ಸಲ ನಮ್ಮ ಕಡೆ ಯಾವಾಗ ಬರ್ತೀರಿ?"
ಹೇಳಿದೆ:
ಆ ಬೆಟ್ಟಕ್ಕೆ ನಾನು ಹೋಗುವುದು ಯಾವತ್ತೂ ಜುಲೈನಲ್ಲೇ.
ಜಿಗಣೆಗೆ ಉಪ್ಪು ಕಟ್ಟಿಕೊಂಡು, ಮನೆ ಮನೆ ಹತ್ತಿ,
ಬಾಗಿಲು ತಟ್ಟಿ, ಒಂದು ಗಳಿಗೆ ನಿಂತು,
ರಿಜಿಸ್ಟರಿನಲ್ಲಿ ಬರೆದು ಬರುತ್ತೇನೆ:
ಬೀಗ ಹಾಕಿದೆ.

ಸುಳ್ಳಲ್ಲ ಅದು.
ನಮೂನೆಯಲ್ಲಿ ಅದಕ್ಕೊಂದು ಕಾಲಂ ಉಂಟು.